ದೋಣಿಯ ಹೊಟ್ಟೆಗೆ ಹಚ್ಚುವ ಕೆಂಪು ಬಣ್ಣ

(ಕರಾವಳಿಯ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಬೋಟಿನವರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಾಡುವಾಗ ಎರಡೆರಡು ಸಲ ಹೇಳಿದ್ದನ್ನು ಇಲ್ಲಿ ಒಂದು ಸಲಕ್ಕೆ ಇಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ವಿಜ್ಞಾನಿ ಅಲ್ಲ, ಮೊದಲೇ ಹೇಳಿಬಿಡ್ತೇನೆ. ಹಡಗು ರಿಪೇರಿ ಯಾರ್ಡುಗಳಲ್ಲಿ ಪೇಂಟ್ ಇನ್ಸ್‌ಪೆಕ್ಟರ್ ಆಗಿದ್ದವನು. ಹಡಗು ಡ್ರೈ ಡಾಕಿಗೆ ಬಂದಾಗ ಅದರ ಹೊಟ್ಟೆಯ ಕೆಳಗೆ ಟಾರ್ಚ್ ಹಿಡಿದು ಬಗ್ಗಿ ಓಡಾಡುವುದು, ತುಕ್ಕು ಎಲ್ಲಿದೆ ನೋಡುವುದು, ಬಣ್ಣ ಎಷ್ಟು ದಪ್ಪ ಕೂತಿದೆ ಅಂತ ಅಳೆಯುವುದು, ಕೊನೆಗೆ ಸಹಿ ಹಾಕುವುದು. ಇಷ್ಟೇ ನನ್ನ ಕೆಲಸ. ಆ ಸಹಿ ವಿಷಯಕ್ಕೆ ಆಮೇಲೆ ಬರ್ತೇನೆ. ಅದರಲ್ಲಿ ನನ್ನದೂ ಒಂದು ತಪ್ಪಿದೆ.

ಡ್ರೈ ಡಾಕ್ ನೋಡದವರಿಗೆ ಸ್ವಲ್ಪ ಹೇಳಬೇಕು. ದೊಡ್ಡ ಕೆರೆಯಂಥ ಹೊಂಡ. ಹಡಗು ಒಳಗೆ ಬಂದ ಮೇಲೆ ಬಾಗಿಲು ಹಾಕಿ ನೀರನ್ನೆಲ್ಲ ಪಂಪ್ ಮಾಡಿ ಹೊರಗೆ ಬಿಡ್ತಾರೆ. ಹಡಗು ಮೆಲ್ಲಗೆ ಸಾಲು ದಿಮ್ಮಿಗಳ ಮೇಲೆ ಕೂರ್ತದೆ. ನೀರು ಇಳಿದ ಕೂಡಲೇ ಮೊದಲು ಬರುವುದು ವಾಸನೆ. ಮೀನು ಮಾರ್ಕೆಟ್ಟಿನ ವಾಸನೆಯಂತೆ ಇರುವುದಿಲ್ಲ. ಇಳಿತದ ಹೊತ್ತಿಗೆ ಅಳಿವೆಯ ಕೆಸರು ಬಿಸಿಲಿಗೆ ಬಿದ್ದಾಗ ಬರ್ತದಲ್ಲ, ಅದು. ಆಮೇಲೆ ಸದ್ದು. ಕಿವಿಗೊಟ್ಟರೆ ಹಡಗಿನ ತಳದ ತುಂಬ ಸಣ್ಣಗೆ ಚಟಪಟ ಅಂತ ಕೇಳ್ತದೆ. ಸಾವಿರಾರು ಚಿಪ್ಪುಗಳು ಒಣಗುವ ಹೆದರಿಕೆಗೆ ಬಾಯಿ ಮುಚ್ಚಿಕೊಳ್ಳುವ ಸದ್ದು ಅದು. ಮೊದಲ ದಿನ ಕೇಳಿದಾಗ ಎಲ್ಲೋ ಎಣ್ಣೆ ಕಾಯ್ತಾ ಇದೆ ಅಂದುಕೊಂಡಿದ್ದೆ.

ಇವತ್ತಿನ ಮಾತು ಆ ಚಿಪ್ಪಿನ ಬಗ್ಗೆ, ಅದು ಹಿಡಿಯದಿರಲಿ ಅಂತ ಹಚ್ಚುವ ವಿಷದ ಬಣ್ಣದ ಬಗ್ಗೆ. ಅದು ಹಿಡಿದರೆ ಏನಾಗ್ತದೆ, ಹಿಡಿಯದ ಹಾಗೆ ಮಾಡಲು ಹೋದರೆ ಏನಾಗ್ತದೆ. ಎರಡೂ ಕಡೆ ಕೆಟ್ಟ ಕಥೆಗಳಿವೆ.

ಮೊದಲು ಚಿಪ್ಪು. ಇಂಗ್ಲಿಷಿನವರು ಬಾರ್ನಕಲ್ ಅಂತಾರೆ. ಸುಣ್ಣದ ಸಣ್ಣ ಗೋಪುರದ ಹಾಗೆ ಕಾಣುವ ಇದು ಜಾತಿಯಲ್ಲಿ ಸಿಗಡಿ, ಏಡಿಗಳ ನೆಂಟ. ಮರಿಯಾಗಿದ್ದಾಗ ನೀರಿನಲ್ಲಿ ತೇಲ್ತಾ ಇರ್ತದೆ. ಕೊನೆಯ ಹಂತಕ್ಕೆ ಬಂದ ಮೇಲೆ ಅದು ಊಟವನ್ನೇ ಬಿಡ್ತದೆ. ಮನೆ ಹುಡುಕುವುದೊಂದೇ ಕೆಲಸ. ಗಾತ್ರ ಸಾಸಿವೆಗಿಂತ ಸಣ್ಣದು. ತಲೆಯ ಮುಂದೆ ಮೀಸೆಯಂಥ ಎರಡು ಅಂಗಗಳಿವೆ, ಅವುಗಳ ಮೇಲೆ ಹೆಜ್ಜೆ ಹಾಕ್ತಾ ದೋಣಿಯ ತಳದ ಮೇಲೆ ನಡೆದಾಡ್ತದೆ. ಮೂಸಿ ನೋಡ್ತದೆ, ತಟ್ಟಿ ನೋಡ್ತದೆ. ಬಾಡಿಗೆ ಮನೆ ನೋಡಲು ಹೋದವರು ನಲ್ಲಿ ತಿರುಗಿಸಿ ನೋಡ್ತಾರಲ್ಲ, ಹಾಗೆ. ಹಿಡಿಸದಿದ್ದರೆ ಈಜಿಕೊಂಡು ಮುಂದೆ ಹೋಗ್ತದೆ. ಹಿಡಿಸಿದರೆ ತಲೆ ಕೆಳಗೆ ಮಾಡಿ, ಅಂಟು ಸುರಿದು ಕೂತುಬಿಡ್ತದೆ. ಅಲ್ಲಿಂದ ಸಾಯುವ ತನಕ ತಲೆಯ ಮೇಲೆ ನಿಂತು, ಕಾಲಿನಿಂದ ಊಟ ಬಾಚಿಕೊಳ್ಳುವುದೇ ಬದುಕು. ಆ ಅಂಟು ಎಂಥದ್ದು ಅಂದರೆ, ಚಿಪ್ಪು ಕೆರೆದು ತೆಗೆದರೂ ಅಡಿಯ ಬಿಳಿ ಬಿಲ್ಲೆ ಹಾಗೇ ಉಳೀತದೆ. ಎಷ್ಟೋ ಸಲ ಬಿಲ್ಲೆಯ ಜೊತೆ ಬಣ್ಣವೇ ಎದ್ದು ಬರ್ತದೆ.

ಇದು ಒಂಟಿಯಾಗಿ ಬರುವುದಿಲ್ಲ. ದೋಣಿ ನೀರಿಗಿಳಿದ ದಿನವೇ ಬ್ಯಾಕ್ಟೀರಿಯಾ ಕೂರ್ತವೆ. ಕೆಲವು ದಿನಕ್ಕೆ ಕೈಗೆ ಜಾರುವ ಲೋಳೆ. ಅದರ ಮೇಲೆ ಪಾಚಿ, ಚಿಪ್ಪು, ಕೊಳವೆ ಹುಳು, ಮಸ್ಸೆಲ್. ಮಸ್ಸೆಲ್ ಅಂದರೆ ನಮ್ಮ ಕಡೆಯ ನೀಲಿಕಲ್ಲಿನ ಬಳಗ.

ಇರಲಿ ಬಿಡಿ, ಏನಾಯ್ತು ಈಗ ಅಂತ ನೀವು ಕೇಳಬಹುದು. ಬೋಟಿನವರು ಕೇಳುವುದಿಲ್ಲ, ಅವರಿಗೆ ಡೀಸೆಲ್ ಬಿಲ್ ಗೊತ್ತು. ಅಮೆರಿಕದ ಮೈಕೆಲ್ ಶುಲ್ಟ್ಜ್ ಎಂಬ ಎಂಜಿನಿಯರ್ 2007ರಲ್ಲಿ ಒಂದು ಯುದ್ಧನೌಕೆಯ ಲೆಕ್ಕ ಹಾಕಿ ತೋರಿಸಿದರು. ತಳದ ತುಂಬ ದಪ್ಪ ಚಿಪ್ಪು ಕೂತರೆ ಅದೇ ವೇಗದಲ್ಲಿ ಹೋಗಲು 86% ಜಾಸ್ತಿ ಶಕ್ತಿ ಬೇಕು. ಹೆಚ್ಚುಕಮ್ಮಿ ಎರಡರಷ್ಟು. ಬರೀ ಲೋಳೆ ಇದ್ದರೂ ಎಂಜಿನ್ನಿಗೆ ಗೊತ್ತಾಗುವಷ್ಟು ಭಾರ. ಹೊಗೆಯೂ ಅಷ್ಟೇ ಜಾಸ್ತಿ.

ಹಾಗಾಗಿ ಮನುಷ್ಯ ಹಿಂದಿನಿಂದಲೂ ಇದರ ಜೊತೆ ಗುದ್ದಾಡ್ತಾ ಬಂದಿದ್ದಾನೆ. 1761ರಲ್ಲಿ ಬ್ರಿಟಿಷ್ ನೌಕಾಪಡೆ 'ಅಲಾರ್ಮ್' ಎಂಬ ಹಡಗಿನ ತಳಕ್ಕೆ ಪೂರ್ತಿ ತಾಮ್ರದ ತಗಡು ಹೊಡೆಸಿ ವೆಸ್ಟ್ ಇಂಡೀಸಿಗೆ ಕಳಿಸಿತು. ವಾಪಸು ಬಂದಾಗ ಮರ ಚೊಕ್ಕವಾಗಿತ್ತು. ಆದರೆ ತಾಮ್ರದ ಸಹವಾಸಕ್ಕೆ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ಅಲ್ಲಲ್ಲಿ ಕೆಲವು ಮೊಳೆ ಮಾತ್ರ ಗಟ್ಟಿಯಾಗಿದ್ದವು. ಯಾಕೆ ಅಂತ ನೋಡಿದರೆ, ತಗಡು ಸುತ್ತಿ ಬಂದಿದ್ದ ಕಂದು ಕಾಗದದ ಚೂರು ಮೊಳೆಗೂ ತಗಡಿಗೂ ಮಧ್ಯೆ ಸಿಕ್ಕಿಕೊಂಡಿತ್ತು. ಯಾರೋ ಕೆಲಸದವನು ಕಾಗದ ಬಿಡಿಸದೆಯೇ ತಗಡು ಹೊಡೆದಿದ್ದ. ಕಬ್ಬಿಣ ಮತ್ತು ತಾಮ್ರ ಒಂದಕ್ಕೊಂದು ತಾಗಬಾರದು ಅಂತ ನೌಕಾಪಡೆಗೆ ಹೇಳಿಕೊಟ್ಟದ್ದು ಅವನ ಅಸಡ್ಡೆ. ಯಾರ್ಡಿನಲ್ಲಿ ಕೆಲಸ ಮಾಡಿದವನಾಗಿ ನನಗೆ ಈ ಕಥೆ ಬಹಳ ಇಷ್ಟ.

ಆದರೆ ನಾನು ಹೇಳಬೇಕಾದ್ದು ಅದರ ನಂತರದ ಕಥೆ. ಗಣಿ ಕೆಲಸದವರಿಗೆ ದೀಪ ಮಾಡಿಕೊಟ್ಟ ಹಂಫ್ರಿ ಡೇವಿ ಗೊತ್ತಲ್ಲ. ತಾಮ್ರದ ತಗಡು ಉಪ್ಪುನೀರಿನಲ್ಲಿ ಬೇಗ ಸವೆದುಹೋಗ್ತದೆ, ದುಬಾರಿ, ಏನಾದರೂ ಮಾಡಿ ಅಂತ ನೌಕಾಪಡೆಯವರು ಕೇಳಿಕೊಂಡರು. 1824ರಲ್ಲಿ ಡೇವಿ ತಗಡಿಗೆ ಕಬ್ಬಿಣ, ಸತುವಿನ ತುಂಡುಗಳನ್ನು ಜೋಡಿಸಿ ನೋಡಿದರು. ಲೆಕ್ಕ ಸರಿಯಾಗಿಯೇ ಇತ್ತು. ಕಬ್ಬಿಣ ಸವೆಯಿತು, ತಾಮ್ರ ಉಳಿಯಿತು. ಇವತ್ತು ಹಡಗುಗಳಿಗೆ ಸತುವಿನ ಗಟ್ಟಿ ಕಟ್ಟುವುದೂ ಅದೇ ಉಪಾಯ. ಹಡಗುಗಳು ಸಮುದ್ರಕ್ಕೆ ಹೋಗಿ ಬಂದವು. ತಾಮ್ರ ಹೊಸದರ ಹಾಗಿತ್ತು. ಅದರ ಮೇಲೆ ಪಾಚಿ, ಚಿಪ್ಪು ತುಂಬಿತ್ತು.

ಸವೆಯದ ತಾಮ್ರದಿಂದ ಏನೂ ಪ್ರಯೋಜನ ಇಲ್ಲ. ತಾಮ್ರ ನೀರಿಗೆ ಕರಗಿದರೆ ಮಾತ್ರ ಚಿಪ್ಪಿನ ಮರಿಗೆ ಅದು ವಿಷ. ಟ್ರಂಕಿನಲ್ಲಿ ಬಟ್ಟೆಯ ಜೊತೆ ನುಸಿಗುಳಿಗೆ ಇಡ್ತೀರಲ್ಲ. ವರ್ಷದ ನಂತರ ತೆರೆದಾಗ ಗುಳಿಗೆ ಅಷ್ಟೇ ದೊಡ್ಡದಿದ್ದರೆ, ಅದು ಕೆಲಸ ಮಾಡಿಲ್ಲ ಅಂತಲೇ ಅರ್ಥ. ದೋಣಿಯ ಬಣ್ಣವೂ ಹಾಗೇ. ನಿಮ್ಮ ಬೋಟಿನ ತಳದ ಬಣ್ಣ ಕೆಂಪಗಿರುವುದು ಚಂದಕ್ಕಲ್ಲ. ಅದರೊಳಗೆ ಇರುವ ತಾಮ್ರದ ಆಕ್ಸೈಡಿನ ಬಣ್ಣವೇ ಕೆಂಪು. ಅದನ್ನು ರಾಳದಂಥ ಅಂಟಿನಲ್ಲಿ ಕಲಸಿರ್ತಾರೆ. ಸಮುದ್ರದ ನೀರಿಗೆ ರಾಳ ನಿಧಾನ ಕರಗ್ತದೆ, ತಾಮ್ರ ಹೊರಗೆ ಬರ್ತದೆ. ಮತ್ತೆ ಹೊಸ ಪದರ, ಮತ್ತೆ ತಾಮ್ರ. ಸೋಪು ಸವೆದ ಹಾಗೆ.

ಹಾಗಾದರೆ ಆ ಸವೆದ ತಾಮ್ರ ಎಲ್ಲಿಗೆ ಹೋಗ್ತದೆ? ಯಾರ್ಡಿನಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರೂ ಈ ಪ್ರಶ್ನೆ ಕೇಳ್ತಿರಲಿಲ್ಲ. ಸಮುದ್ರ ದೊಡ್ಡದು, ಅಷ್ಟೇ.

ಸಮುದ್ರ ದೊಡ್ಡದೇ. ಮರೀನಾ, ಅಂದರೆ ವಿಹಾರದ ದೋಣಿಗಳನ್ನು ಕಟ್ಟಿ ನಿಲ್ಲಿಸುವ ಸಣ್ಣ ಬಂದರು, ದೊಡ್ಡದಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋದಲ್ಲಿ ಶೆಲ್ಟರ್ ಐಲೆಂಡ್ ಅಂತ ಒಂದು ಜಾಗ. ಎರಡು ಸಾವಿರಕ್ಕೂ ಹೆಚ್ಚು ವಿಹಾರದ ದೋಣಿಗಳು ಒತ್ತೊತ್ತಾಗಿ ನಿಲ್ಲುವ ಕೊಲ್ಲಿ. ಅಲ್ಲಿನ ನೀರಿನ ಇಲಾಖೆಯವರು ಕೂತು ಲೆಕ್ಕ ಹಾಕಿದರು. ವರ್ಷಕ್ಕೆ 2,163 ಕಿಲೋ ತಾಮ್ರ ಆ ನೀರಿಗೆ ಸೇರ್ತಾ ಇತ್ತು. ಅದರಲ್ಲಿ ನೂರಕ್ಕೆ 98 ಪಾಲು ದೋಣಿಗಳ ಬಣ್ಣದಿಂದ. ಕಾರ್ಖಾನೆ ಇಲ್ಲ, ಚರಂಡಿ ಅಲ್ಲ. ವಾರಕ್ಕೊಮ್ಮೆ ಮಾಲೀಕ ಬಂದು ಕಾಫಿ ಕುಡಿದು ಹೋಗುವ ಬಿಳಿ ಬಿಳಿ ದೋಣಿಗಳು, ಸುಮ್ನೆ ನಿಂತಲ್ಲೇ ನಿಂತು ಎರಡು ಟನ್ ತಾಮ್ರ ಬಿಡ್ತಿದ್ದವು. ಮುಳುಗುಗಾರರು ನೀರಿನಲ್ಲೇ ತಳ ಉಜ್ಜಿದ್ದರಿಂದ ಬಂದದ್ದು ನೂರಕ್ಕೆ ಐದು ಪಾಲು ಮಾತ್ರ. 2005ರಲ್ಲಿ ಇದನ್ನು 76% ಕಡಿಮೆ ಮಾಡಬೇಕು ಅಂತ ಆದೇಶ ಬಂತು. ಆಮೇಲೆ 2018ರಲ್ಲಿ ಇಡೀ ಕ್ಯಾಲಿಫೋರ್ನಿಯಾದಲ್ಲಿ, ಇಂಥ ಬಣ್ಣ ದಿನಕ್ಕೆ ಎಷ್ಟು ತಾಮ್ರ ಬಿಡಬಹುದು ಅಂತ ಮಿತಿ ಹಾಕಿದರು.

ತಾಮ್ರವಾದರೂ ಪರವಾಗಿಲ್ಲ ಅನ್ನಿಸುವಂಥದ್ದು ಇನ್ನೊಂದಿತ್ತು. ಟಿಬಿಟಿ. ತವರ ಸೇರಿದ ರಾಸಾಯನಿಕ. 1960ರ ದಶಕದಲ್ಲಿ ಬಂತು, 1970ರ ದಶಕದಲ್ಲಿ ಎಲ್ಲ ಕಡೆ ಹರಡಿತು. ನಮ್ಮ ಹಳೆಯ ಫೋರ್‌ಮನ್‌ಗಳು ಅದರ ಹೆಸರು ಹೇಳುವಾಗ ಈಗಲೂ ನಿಟ್ಟುಸಿರು ಬಿಡ್ತಾರೆ. ಒಂದು ಸಲ ಹೊಡೆದರೆ ಐದು ವರ್ಷ ಹಡಗು ಕನ್ನಡಿ. ಅಷ್ಟು ಒಳ್ಳೆಯ ಬಣ್ಣ ಮತ್ತೆ ಬಂದಿಲ್ಲ, ನಿಜ ಹೇಳ್ತೇನೆ.

ಫ್ರಾನ್ಸಿನ ಆರ್ಕಶೋನ್ ಎಂಬ ಕೊಲ್ಲಿ ಆಯ್ಸ್ಟರ್ ಸಿಂಪಿ ಸಾಕುವುದಕ್ಕೆ ಹೆಸರಾದದ್ದು. ಜೊತೆಗೆ ವಿಹಾರದ ದೋಣಿಗಳೂ ಸಾವಿರಗಟ್ಟಲೆ. 1970ರ ದಶಕದ ಕೊನೆಯಲ್ಲಿ ಅಲ್ಲಿನ ಸಿಂಪಿಗಳು ವಿಚಿತ್ರವಾಗಿ ಬೆಳೆಯತೊಡಗಿದವು. ಚಪ್ಪಟೆ ಇರಬೇಕಾದ ಚಿಪ್ಪು ಚೆಂಡಿನ ಹಾಗೆ ಉಬ್ಬಿತು. ಒಡೆದು ನೋಡಿದರೆ ಪದರ ಪದರ, ನಡುನಡುವೆ ಲೋಳೆ ತುಂಬಿದ ಗೂಡು, ಮಾಂಸ ಒಂದಿಷ್ಟೇ. ಮರಿಗಳು ಹಿಡಿಯಲೇ ಇಲ್ಲ. ಸಾಕುವವರು ಹಾಳಾಗಿಹೋದರು. ಕಾರಣ ಪಕ್ಕದಲ್ಲೇ ನಿಂತಿದ್ದ ದೋಣಿಗಳ ತಳ. 1982ರಲ್ಲಿ ಫ್ರಾನ್ಸ್ 25 ಮೀಟರಿಗಿಂತ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. ಸಿಂಪಿ ಮತ್ತೆ ಮರಿ ಹಾಕಿತು.

ಇಂಗ್ಲೆಂಡಿನ ಪ್ಲಿಮತ್ ಕಡೆ ಬಂಡೆಗಳ ಮೇಲಿನ ಶಂಖದ ಹುಳುಗಳಿಗೆ ಇನ್ನೂ ಕೆಟ್ಟದಾಯಿತು. ಹೆಣ್ಣುಗಳಿಗೆ ಗಂಡಿನ ಅಂಗ ಬೆಳೆಯಿತು. ಅದು ಮೊಟ್ಟೆ ಬರುವ ದಾರಿಯನ್ನೇ ಮುಚ್ಚಿತು. ಒಂದು ಲೀಟರ್ ನೀರಿಗೆ ಒಂದೋ ಎರಡೋ ನ್ಯಾನೋಗ್ರಾಂ ಇದ್ದರೆ ಸಾಕು, ಈ ತೊಂದರೆ ಶುರು. ಎಷ್ಟು ಕಡಿಮೆ ಅಂತ ಗೊತ್ತಾಗಬೇಕಾದರೆ ಹೀಗೆ ನೋಡಿ. ಒಲಿಂಪಿಕ್ ಈಜುಕೊಳದಲ್ಲಿ 25 ಲಕ್ಷ ಲೀಟರ್ ನೀರು. ಅದಕ್ಕೆ ಎರಡೂವರೆ ಮಿಲಿಗ್ರಾಂ ಹಾಕಿದರೆ ಲೀಟರಿಗೆ ಒಂದು ನ್ಯಾನೋಗ್ರಾಂ. ಒಂದು ಅಕ್ಕಿಕಾಳಿನ ತೂಕದ ಹತ್ತನೇ ಒಂದು ಪಾಲು. ಇದು ದೂರದ ಕಥೆ ಅಂದುಕೊಳ್ಳಬೇಡಿ. 1999ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ನಮ್ಮ ನೀರಿನ ಶಂಖದಲ್ಲೂ ಇದೇ ಬದಲಾವಣೆ ಕಂಡು ವರದಿ ಮಾಡಿದರು. ಆ ಶಂಖದ ಹೆಸರಿನಲ್ಲೇ ಕೊಂಕಣ ಇದೆ, ಕ್ರೋನಿಯಾ ಕೊಂಕಣೆನ್ಸಿಸ್. ಹಡಗುಗಳಿಗೆ ಟಿಬಿಟಿ ಹಚ್ಚಬಾರದು ಅಂತ 2001ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಆಯಿತು, 2008ರಲ್ಲಿ ಜಾರಿಗೆ ಬಂತು. ಟಿಬಿಟಿ ಕಥೆ ಅಲ್ಲಿಗೆ ಹೆಚ್ಚುಕಮ್ಮಿ ಮುಗಿಯಿತು, ಬಂದರುಗಳ ಕೆಸರಿನಲ್ಲಿ ಕೂತದ್ದೊಂದನ್ನು ಬಿಟ್ಟು. 2023ರಿಂದ ಸೈಬುಟ್ರಿನ್ ಎಂಬ ಇನ್ನೊಂದು ಪಾಚಿನಾಶಕವೂ ಆ ನಿಷೇಧದ ಪಟ್ಟಿಗೆ ಸೇರಿದೆ.

ಇಲ್ಲಿಯವರೆಗೆ ಕೇಳಿದರೆ ಬಣ್ಣವೇ ಖಳನಾಯಕ, ಅಲ್ವಾ? ವಿಷ ಬೇಡವೇ ಬೇಡ, ಚಿಪ್ಪು ಕೂತರೆ ಕೂರಲಿ ಅನ್ನಿಸ್ತದೆ. ಹಾಗೆ ಅನ್ನಿಸಿದವರನ್ನು ಈಗ ಆಸ್ಟ್ರೇಲಿಯಾದ ಡಾರ್ವಿನ್ ಊರಿಗೆ ಕರಕೊಂಡು ಹೋಗ್ತೇನೆ.

1999ರ ಮಾರ್ಚ್ ಕೊನೆ. ಬಂದರಿನ ಸಮೀಕ್ಷೆಗೆ ಇಳಿದ ಮುಳುಗುಗಾರರಿಗೆ ಕಲೆನ್ ಬೇ ಎಂಬ ಮರೀನಾದಲ್ಲಿ ಒಂದು ಮಸ್ಸೆಲ್ ಕಂಡಿತು. ಉಗುರಿನಷ್ಟೇ ಗಾತ್ರ. ಆರು ತಿಂಗಳ ಹಿಂದೆ ನೋಡಿದಾಗ ಒಂದೂ ಇರಲಿಲ್ಲ. ಈಗ ಕಂಬ, ಹಗ್ಗ, ದೋಣಿ, ಎಲ್ಲದರ ಮೇಲೂ ಗೊಂಚಲು ಗೊಂಚಲು. ದಟ್ಟ ಇದ್ದಲ್ಲಿ ಎಣಿಸಿದರೆ ಒಂದು ಚದರ ಮೀಟರಿಗೆ 23,000ಕ್ಕೂ ಹೆಚ್ಚು. ಇದರ ತವರು ಕೆರಿಬಿಯನ್ ಸಮುದ್ರ. ಮಿಟಿಲಾಪ್ಸಿಸ್ ಸಾಲೀ ಅಂತ ಹೆಸರು. ಹುಟ್ಟಿ ಸುಮಾರು ಒಂದು ತಿಂಗಳಿಗೆ ತಾನೇ ಮರಿ ಹಾಕುವಷ್ಟು ದೊಡ್ಡದಾಗ್ತದೆ. ಹೊರಗಿನಿಂದ ಬಂದ ಯಾವುದೋ ದೋಣಿಯ ತಳಕ್ಕೆ ಅಂಟಿಕೊಂಡು ಬಂದಿತ್ತು.

ಡಾರ್ವಿನ್ನಿನವರಿಗೆ ಒಂದು ಅದೃಷ್ಟ ಇತ್ತು. ಅಲ್ಲಿ ಭರತ ಇಳಿತದ ಅಂತರ ಎಂಟು ಮೀಟರಿನ ತನಕ ಹೋಗ್ತದೆ. ಹಾಗಾಗಿ ಮರೀನಾಗಳಿಗೆ ಬಾಗಿಲು ಇವೆ, ಇಳಿತಕ್ಕೆ ನೀರು ಖಾಲಿಯಾಗದಿರಲಿ ಅಂತ. ಬಾಗಿಲು ಹಾಕಿದರು. ಮೂರು ಮರೀನಾಗಳಿಗೆ ಒಟ್ಟು 160 ಟನ್ ಬ್ಲೀಚಿಂಗ್ ದ್ರಾವಣ, 54 ಟನ್ ತಾಮ್ರದ ಸಲ್ಫೇಟ್ ಸುರಿದರು. ನಮ್ಮಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಮಾಡಲು ಬಳಸುವ ಮೈಲುತುತ್ತ, ಅದೇ. ಮಸ್ಸೆಲ್ ಸತ್ತಿತು. ಜೊತೆಗೆ ಮೀನು, ಏಡಿ, ಒಳಗಿದ್ದದ್ದೆಲ್ಲ ಸತ್ತಿತು. ಅಷ್ಟರಲ್ಲಿ ಅಲ್ಲಿಂದ ಹೊರಟುಹೋಗಿದ್ದ ನಾನೂರಕ್ಕೂ ಹೆಚ್ಚು ದೋಣಿಗಳನ್ನು ಬೆನ್ನಟ್ಟಿ ಪರೀಕ್ಷೆ ಮಾಡಿದರು. ಒಂದು ತಿಂಗಳೊಳಗೆ ಕೆಲಸ ಮುಗೀತು, ಖರ್ಚು ಇಪ್ಪತ್ತು ಲಕ್ಷ ಡಾಲರ್ ದಾಟಿತು. ಪಿಡುಗು ಹೋಯಿತು. ಪ್ರಪಂಚದಲ್ಲಿ ಸಮುದ್ರದ ಪಿಡುಗೊಂದನ್ನು ಹೀಗೆ ಬುಡಸಹಿತ ಕಿತ್ತ ಉದಾಹರಣೆಗಳು ಬೆರಳಲ್ಲಿ ಎಣಿಸುವಷ್ಟಿವೆ.

ತಮಾಷೆ ನೋಡಿ. ದೋಣಿಯ ಮೇಲೆ ಒಂದೆರಡು ಡಬ್ಬ ತಾಮ್ರ ಸರಿಯಾಗಿ ಇಲ್ಲದ್ದಕ್ಕೆ, ನೀರಿಗೆ 54 ಟನ್ ಮೈಲುತುತ್ತ ಸುರಿಯಬೇಕಾಯಿತು.

ಇದೇ ಮಸ್ಸೆಲ್ ನಮ್ಮ ದೇಶಕ್ಕೆ ಅದಕ್ಕಿಂತ ಮೂವತ್ತು ವರ್ಷ ಮೊದಲೇ ಬಂದಿದೆ. 1967ರ ಹೊತ್ತಿಗೆ ವಿಶಾಖಪಟ್ಟಣದ ಬಂದರಿನಲ್ಲಿ ಕಂಡಿತ್ತು. ಆಮೇಲೆ ಮುಂಬೈಯಲ್ಲಿ. ಯಾರೂ ಬಾಗಿಲು ಹಾಕಲಿಲ್ಲ, ಹಾಕಲು ಬಾಗಿಲೂ ಇರಲಿಲ್ಲ. ಈಗ ಅದು ಅಲ್ಲಿಯ ಕಾಯಂ ನಿವಾಸಿ. ಕೇರಳದ ಅಷ್ಟಮುಡಿ ಹಿನ್ನೀರಿನಲ್ಲಿ ಇನ್ನೊಂದು ಮಸ್ಸೆಲ್, ಮಿಟೆಲ್ಲಾ ಸ್ಟ್ರಿಗಾಟಾ, ದಕ್ಷಿಣ ಅಮೆರಿಕದ ಕಡೆಯದು. 2019ರ ಸುಮಾರಿಗೆ ಗುರುತಿಸಿದರು. ಅಷ್ಟರಲ್ಲಿ ಅಲ್ಲಿನವರು ಆರಿಸಿ ಬದುಕುವ ಕಕ್ಕದ ಜಾಗವನ್ನೆಲ್ಲ ಅದು ಹಾಸಿ ಮಲಗಿತ್ತು. ಕಕ್ಕ ಅಂದರೆ ನಮ್ಮ ಬಳಚು. ಅಘನಾಶಿನಿಯಲ್ಲಿ ಬಳಚು ಆರಿಸುವವರು ಇವತ್ತು ಇಲ್ಲಿ ಯಾರಾದರೂ ಬಂದಿದ್ದರೆ ಅವರಿಗೆ ಈ ಸುದ್ದಿ ಬಿಡಿಸಿ ಹೇಳಬೇಕಾಗಿಲ್ಲ. ಅಘನಾಶಿನಿಗೆ ಬಾಗಿಲಿಲ್ಲ.

ಈಗ ಒಂದು ತೊಡಕಿನ ವಿಷಯ. ವಿಷ ಜಾಸ್ತಿ ಹಾಕಿದರೆ ಪಿಡುಗು ಬರುವುದಿಲ್ಲ ಅಂತ ನಾನೂ ಬಹಳ ವರ್ಷ ನಂಬಿದ್ದೆ. ವಾಟರ್ಸಿಪೋರಾ ಅಂತ ಒಂದು ಜೀವಿ ಇದೆ. ಇಟ್ಟಿಗೆ ಬಣ್ಣದ ಹಕ್ಕಳೆಯ ಹಾಗೆ ಹರಡಿಕೊಳ್ತದೆ. ಅದಕ್ಕೆ ತಾಮ್ರ ಅಂದರೆ ಲೆಕ್ಕವೇ ಇಲ್ಲ. ಹೊಸದಾಗಿ ಹೊಡೆದ ತಾಮ್ರದ ಬಣ್ಣದ ಮೇಲೂ ಬಂದು ಕೂರ್ತದೆ. ಬೇರೆ ಯಾರೂ ಬಾರದ ಜಾಗ, ಪೈಪೋಟಿ ಇಲ್ಲ, ಅದಕ್ಕೆ ಇನ್ನೂ ಒಳ್ಳೆಯದೇ. ಅದು ಹಾಸಿದ ಮೇಲೆ ಅದರ ಬೆನ್ನಿನ ಮೇಲೆ ತಾಮ್ರ ಇಲ್ಲ. ಉಳಿದವರು ಅಲ್ಲಿ ಬಂದು ಕೂರ್ತಾರೆ. ಬಸ್ಸಿನಲ್ಲಿ ಒಬ್ಬ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ವಿಜ್ಞಾನಿಗಳು ಇದನ್ನು ಚೆನ್ನಾಗಿ ತೋರಿಸಿದ್ದಾರೆ. ತಾಮ್ರ ತುಂಬಿದ ಬಂದರಿನಲ್ಲಿ ಸ್ಥಳೀಯ ಜೀವಿಗಳು ಸೊರಗ್ತವೆ, ತಾಮ್ರ ತಡೆದುಕೊಳ್ಳುವ ಪರದೇಶಿಗಳು ಗೆಲ್ತವೆ. ಅಂದರೆ ಬಣ್ಣ ಒಂದು ಕಡೆ ಪಿಡುಗನ್ನು ತಡೀತದೆ, ಇನ್ನೊಂದು ಕಡೆ ಅದಕ್ಕೇ ಜಾಗ ಮಾಡಿಕೊಡ್ತದೆ.

ಉಜ್ಜಿ ತೆಗೆದರಾಯಿತಲ್ಲ? ಉಜ್ಜಬಹುದು, ಆದರೆ ಎಲ್ಲಿ? ನೀರಿನಲ್ಲೇ ಮುಳುಗಿ ಬ್ರಷ್ ಹಾಕಿದರೆ ಮೊದಲನೆಯದಾಗಿ ಬಣ್ಣ ಮೋಡದ ಹಾಗೆ ಏಳ್ತದೆ. ಎರಡನೆಯದು, ಕೆಲವು ಜೀವಿಗಳು ತುಂಡಾದರೆ ಸಾಯುವುದಿಲ್ಲ, ಒಂದೊಂದು ತುಂಡೂ ಹೊಸದಾಗಿ ಬೆಳೀತದೆ. ಮೆಡಿಟರೇನಿಯನ್ ಕಡೆಯ ಬೀಸಣಿಗೆ ಹುಳು ಅಂಥದ್ದು, ಮೊಳದುದ್ದದ ಕೊಳವೆ, ತುದಿಯಲ್ಲಿ ನವಿಲುಗರಿಯ ಹಾಗೆ ಬಿಚ್ಚಿಕೊಳ್ತದೆ. ನೋಡಲು ಬಹಳ ಚಂದ. ನ್ಯೂಜಿಲೆಂಡಿನಲ್ಲಿ 2008ರಲ್ಲಿ ಲಿಟಲ್ಟನ್ ಬಂದರಿನಲ್ಲಿ ಸಿಕ್ಕಿತು, ಮರುವರ್ಷ ಆಕ್ಲೆಂಡಿನಲ್ಲಿ. ಅಲ್ಲಿಂದ ದೋಣಿಗಳ ತಳದಲ್ಲಿ ಉತ್ತರಕ್ಕೆ ಹೊರಟಿದೆ, ಈಗಲೂ ಅದರ ಹಿಂದೆ ಓಡ್ತಾ ಇದ್ದಾರೆ.

ಈ ವಿಷಯದಲ್ಲಿ ನನಗೆ ಸರಿ ಅನ್ನಿಸಿದ್ದು ನ್ಯೂಜಿಲೆಂಡಿನವರ ದಾರಿ. 2018ರ ಮೇ ತಿಂಗಳಿಂದ ಅಲ್ಲಿಗೆ ಬರುವ ಪ್ರತಿ ಹಡಗು, ದೋಣಿಯ ತಳ ಚೊಕ್ಕ ಇರಲೇಬೇಕು. ಜಾಸ್ತಿ ದಿನ ಉಳಿಯುವವರಾದರೆ ಹೆಚ್ಚುಕಮ್ಮಿ ಲೋಳೆ ಬಿಟ್ಟು ಇನ್ನೇನೂ ಕಾಣಬಾರದು. ಯಾವ ಬಣ್ಣ ಹೊಡೆದಿದ್ದೀರಿ ಅಂತ ಅವರು ಮೊದಲು ಕೇಳುವುದಿಲ್ಲ. ತಳ ಹೇಗಿದೆ, ಯಾವಾಗ ಉಜ್ಜಿದಿರಿ, ಫೋಟೋ ಎಲ್ಲಿ ಅಂತ ಕೇಳ್ತಾರೆ. ಉಜ್ಜುವುದರ ಬಗ್ಗೆಯೂ ಅವರದ್ದು, ಆಸ್ಟ್ರೇಲಿಯಾದವರದ್ದು ಒಂದು ಬುದ್ಧಿವಂತ ಲೆಕ್ಕ ಇದೆ. ಆ ಊರಲ್ಲೇ ಹುಟ್ಟಿದ ಪಾಚಿ, ಚಿಪ್ಪನ್ನು ಆ ಊರಲ್ಲೇ ಮೆತ್ತಗೆ ಉಜ್ಜಿದರೆ ದೊಡ್ಡ ತೊಂದರೆ ಇಲ್ಲ. ಹೊರಗಿನಿಂದ ಹೊತ್ತು ತಂದದ್ದಾದರೆ ದೋಣಿ ಮೇಲಕ್ಕೆ ಎಳೆಯಿರಿ, ಇಲ್ಲವೇ ಉಜ್ಜಿದ್ದನ್ನೆಲ್ಲ ಹೀರಿ ಹಿಡಿಯಿರಿ. ಚಿಪ್ಪು ತನ್ನ ಊರಲ್ಲಿ ಇದ್ದರೆ ಚಿಪ್ಪು, ಪ್ರಯಾಣ ಮಾಡಿದರೆ ಪಿಡುಗು. ಹಾಗಾಗಿ ಉಜ್ಜಬೇಕಾದ್ದು ಹೋಗಿ ಮುಟ್ಟಿದ ಮೇಲಲ್ಲ, ಹೊರಡುವ ಮೊದಲು. ಇಡೀ ಮಾತಿನಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದು.

ಈಗ ನನ್ನ ಸಹಿಯ ವಿಷಯ.

ಯಾರ್ಡಿನ ಹೆಸರು ಬೇಡ. ದೂರದ ಬಂದರಿನಿಂದ ಒಂದು ಬಾರ್ಜ್ ಬಂದಿತ್ತು. ಮಳೆಗಾಲ ಹತ್ತಿರ, ಡಾಕ್ ಖಾಲಿ ಮಾಡುವ ಅವಸರ. ತಳ ಎಲ್ಲ ಬ್ಲಾಸ್ಟಿಂಗ್ ಮಾಡಿ, ಹೊಸ ಬಣ್ಣ ಹೊಡೆದು, ನೋಡಿದರೆ ಕಣ್ಣು ತುಂಬುವ ಹಾಗಿತ್ತು. ಎಂಜಿನ್ ತಂಪು ಮಾಡಲು ಸಮುದ್ರದ ನೀರು ಎಳೆದುಕೊಳ್ಳುವ ಒಂದು ಪೆಟ್ಟಿಗೆ ಇರ್ತದೆ. ಸೀ ಚೆಸ್ಟ್ ಅಂತಾರೆ. ತಳದಲ್ಲಿ ಒಳಕ್ಕೆ ಗೂಡಿನ ಹಾಗೆ, ಬಾಯಿಗೆ ಜಾಲರಿ. ಜಾಲರಿಯ ಬೋಲ್ಟು ತುಕ್ಕು ಹಿಡಿದು ಬರಲಿಲ್ಲ. ಬಿಚ್ಚಬೇಕಾದರೆ ಗ್ಯಾಸ್ ಕಟ್ಟರ್ ತರಿಸಬೇಕು, ಅರ್ಧ ದಿನ. ಸಂಜೆಗೆ ನೀರು ಬಿಡುವುದು ಅಂತ ನಿಕ್ಕಿ ಆಗಿತ್ತು. ಟಾರ್ಚ್ ಬಿಟ್ಟು ಜಾಲರಿಯ ಸಂದಿನಿಂದ ನೋಡಿದೆ. ಕತ್ತಲೆ. ಸರಿ ಇದೆ ಅಂತ ಸಹಿ ಹಾಕಿದೆ.

ಮೂರು ತಿಂಗಳ ನಂತರ ಎಂಜಿನ್ ಕಾಯ್ತಾ ಇದೆ ಅಂತ ಫೋನ್ ಬಂತು. ಜಾಲರಿ ಕತ್ತರಿಸಿ ತೆಗೆದರೆ ಒಳಗಿನಿಂದ ಬಕೆಟ್ಟುಗಟ್ಟಲೆ ಮಸ್ಸೆಲ್ ಸುರಿಯಿತು. ಅವು ನಮ್ಮ ಡಾಕಿನಲ್ಲಿ ಹುಟ್ಟಿದವಲ್ಲ. ದೊಡ್ಡದೊಡ್ಡವು, ಹಳೆಯವು. ನಾನು ಟಾರ್ಚ್ ಬಿಟ್ಟು ನೋಡುವಾಗ ಅವು ಅಲ್ಲೇ ಬಾಯಿ ಮುಚ್ಚಿಕೊಂಡು ಕೂತಿದ್ದವು. ಆಗ ಎಂಜಿನ್ನಿನ ಬಗ್ಗೆ ಮಾತ್ರ ಬೈಸಿಕೊಂಡೆ. ಅವು ಎಲ್ಲಿಂದ ಬಂದವು, ಆ ಮೂರು ತಿಂಗಳು ಬಾರ್ಜ್ ಎಲ್ಲೆಲ್ಲಿ ಮರಿ ಬಿಟ್ಟುಕೊಂಡು ಓಡಾಡಿತು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಪಿಡುಗು ಅಡಗುವುದು ಇಂಥ ಮೂಲೆಗಳಲ್ಲೇ. ಚಪ್ಪಟೆ ತಳ ಎಲ್ಲರೂ ಉಜ್ಜುತ್ತಾರೆ. ಚುಕ್ಕಾಣಿಯ ಹಿಂಬದಿ, ಪ್ರೊಪೆಲ್ಲರಿನ ಶಾಫ್ಟ್ ಹೊರಬರುವ ಜಾಗ, ನೀರು ಎಳೆಯುವ ತೂತು, ಇವು ಕೈಗೆ ಸಿಗುವುದಿಲ್ಲ. ಇನ್ನೊಂದು, ದೋಣಿ ದಿಮ್ಮಿಯ ಮೇಲೆ ಕೂತ ಜಾಗಕ್ಕೆ ಬಣ್ಣವೇ ತಾಗುವುದಿಲ್ಲ. ಮುಂದಿನ ಸಲ ಎತ್ತಿದಾಗ ನೋಡಿ, ದಿಮ್ಮಿಯ ಅಳತೆಗೆ ಸರಿಯಾಗಿ ಚೌಕ ಚೌಕ ಚಿಪ್ಪು ಬೆಳೆದಿರ್ತದೆ. ಪ್ರತಿ ಸಲ ದಿಮ್ಮಿಯನ್ನು ಒಂದೆರಡು ಅಡಿ ಸರಿಸಿ ಇಡಿ ಅಂತ ಹೇಳುವುದು ಅದಕ್ಕೇ. ಹತ್ತು ಡಬ್ಬ ಜಾಸ್ತಿ ಬಣ್ಣಕ್ಕಿಂತ ಇದು ಮೇಲು.

ವಿಷವಿಲ್ಲದ ಬಣ್ಣ ಇಲ್ಲವೇ ಅಂತ ವಿದ್ಯಾರ್ಥಿಗಳು ಚೀಟಿ ಕಳಿಸಿದ್ದಾರೆ. ಇದೆ. ಸಿಲಿಕೋನ್ ಬಣ್ಣ. ಕೊಲ್ಲುವುದಿಲ್ಲ, ಜಾರಿಸ್ತದೆ. ಎಣ್ಣೆ ಹಚ್ಚಿದ ಕಾವಲಿಗೆ ದೋಸೆ ಹಿಡಿಯುವುದಿಲ್ಲ, ಹಾಗೆ. ಆದರೆ ಹಡಗು ಜೋರಾಗಿ ಓಡಿದರೆ ಮಾತ್ರ ಚಿಪ್ಪು ಉದುರ್ತದೆ. ವಾರಗಟ್ಟಲೆ ಕಟ್ಟಿ ಹಾಕಿದ ದೋಣಿಗೆ ಸಾಲದು. ಹಗ್ಗ, ಸರಪಳಿ ಉಜ್ಜಿದರೆ ಹರಿದುಹೋಗ್ತದೆ. ಬೆಲೆಯೂ ಜಾಸ್ತಿ. ದಿನಾ ಓಡುವ ದೊಡ್ಡ ಹಡಗಿಗೆ ಒಳ್ಳೆಯದು. ಒಂದರ ಪಕ್ಕ ಒಂದು ಒತ್ತಿ, ಉಜ್ಜಿಕೊಂಡು ನಿಲ್ಲುವ ಮೀನುಗಾರಿಕೆ ಬೋಟಿಗೆ ನಾನಂತೂ ಹೇಳುವುದಿಲ್ಲ.

ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತು ಅಂತಲೂ ಒಬ್ಬರು ಹೇಳಿದರು. ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನೆಣ್ಣೆ ಹಚ್ಚುತ್ತಿದ್ದರು, ನಿಜ. ಗೇರೆಣ್ಣೆ ಹಚ್ಚಿದವನ ಕೈಯ ಚರ್ಮ ಏಳುತ್ತಿದ್ದದ್ದೂ ನಿಜ. ಅದೂ ವಿಷವೇ. ಹಿರಿಯರ ದೊಡ್ಡ ಉಪಾಯ ಬೇರೆ ಇತ್ತು. ದಿನಾ ಸಂಜೆ ಪಾತಿ ದೋಣಿಯನ್ನು ಮರಳಿನ ಮೇಲೆ ಎಳೆದು ಹಾಕುತ್ತಿದ್ದರು. ಬಿಸಿಲು ಬಿದ್ದು ತಳ ಒಣಗಿದರೆ ಚಿಪ್ಪಿನ ಮರಿಗೆ ಉಳಿಗಾಲ ಇಲ್ಲ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಬಂದರೂ ಉಪ್ಪುನೀರಿನ ಜೀವಿಗಳು ಸಾಯ್ತವೆ. ನಾವೂ ಜೂನ್ 1ರಿಂದ ಜುಲೈ 31ರವರೆಗೆ, ನಿಷೇಧದ ಅರವತ್ತೊಂದು ದಿನ ಬೋಟು ನಿಲ್ಲಿಸ್ತೇವೆ. ಒಣಗಿಸಲು, ಮೂಲೆಮೂಲೆ ಕೆರೆಯಲು ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ಆದರೆ ಸಿಹಿನೀರನ್ನೇ ನಂಬಬೇಡಿ. ಡಾರ್ವಿನ್ನಿನ ಆ ಮಸ್ಸೆಲ್‌ಗೆ ಸಿಹಿನೀರಿನ ಹೆದರಿಕೆಯೇ ಇಲ್ಲ. ಗಾಳಿ ಎದ್ದಾಗ ಕಾರವಾರಕ್ಕೆ ಗೋವಾ, ಕೇರಳ, ತಮಿಳುನಾಡಿನ ಬೋಟುಗಳು ಬಂದು ನಿಲ್ತವೆ. ಅವರನ್ನು ಬರಬೇಡಿ ಅನ್ನಲಾಗುವುದಿಲ್ಲ, ಅನ್ನಲೂಬಾರದು. ಅವರು ಹೋದ ಮೇಲೆ ಬಂದರಿನ ಕಂಬಗಳನ್ನು ಯಾರಾದರೂ ಒಂದು ಸಲ ಮುಳುಗಿ ನೋಡಿದರೆ ಸಾಕು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಬೋಟಿನ ಮಾಲೀಕರು ಎದ್ದರು. ಐವತ್ತು ದಾಟಿದವರು. "ಸಾರ್, ನೀವು ಹೇಳಿದ ಹಾಗೆ ದಡದ ಮೇಲೇ ಕೆರೆಸ್ತೇವೆ. ಕೆರೆದ ಕೆಂಪು ಹುಡಿ ಅಲ್ಲೇ ಬೀಳ್ತದೆ. ಮೊದಲ ಮಳೆಗೆ ಹೊಳೆಗೆ ಹೋಗ್ತದೆ. ಇದಕ್ಕೂ ನೀರಲ್ಲಿ ಉಜ್ಜುವುದಕ್ಕೂ ಎಂಥ ವ್ಯತ್ಯಾಸ?"

ಏನೂ ವ್ಯತ್ಯಾಸ ಇಲ್ಲ ಅಂದೆ. ಕೆಳಗೆ ಟಾರ್ಪಾಲು ಹಾಸಿ, ಕೆರೆದದ್ದನ್ನು ಚೀಲಕ್ಕೆ ತುಂಬಿಸಿ, ಗ್ರೈಂಡರ್ ಹಿಡಿಯುವ ಹುಡುಗನಿಗೆ ಒಳ್ಳೆಯ ಮಾಸ್ಕ್ ಕೊಡಿ ಅಂದೆ.

"ಟಾರ್ಪಾಲು ಇದೆ ಸಾರ್. ನಾಡಿದ್ದೇ ಹಾಸ್ತೇನೆ. ಚೀಲ ತುಂಬಿದ ಮೇಲೆ ಅದನ್ನು ತಕ್ಕೊಂಡು ಹೋಗುವವರು ಯಾರು?"

ಪಂಚಾಯ್ತಿಯ ಕಸದ ಗಾಡಿಯವರು ತಕ್ಕೊಳ್ಳುವುದಿಲ್ಲ ಅಂತ ಅವರ ಪಕ್ಕದಲ್ಲಿದ್ದವರೇ ಹೇಳಿದರು. ಹೋದ ವರ್ಷದ ಮೂರು ಚೀಲ ಇನ್ನೂ ಬಲೆ ಇಡುವ ಶೆಡ್ಡಿನ ಹಿಂದೆ ಇವೆಯಂತೆ. ನೋಡೋಣ ಅಂತ ಅವರ ಜೊತೆ ಹೋದೆ. ಎರಡು ಚೀಲ ನೆಟ್ಟಗಿದ್ದವು. ಮೂರನೆಯದರ ತಳ ಇಲಿ ಕಡಿದು ಒಡೆದಿತ್ತು, ಅಲ್ಲಿಂದ ಹೊಳೆಯ ಕಡೆಗೆ ಮಣ್ಣಿನಲ್ಲಿ ಒಂದು ಸಣ್ಣ ಕೆಂಪು ಗೆರೆ ಹೋಗಿತ್ತು.